ಮಾವ ತಟ್ಟಿ ನೋಡಿದ ಮನೆ

ಆ ಕುಟುಂಬದಲ್ಲಿ ಯಾರಾದರೂ ಮನೆ ಕೊಳ್ಳುವುದೆಂದರೆ ಮೊದಲು ಮೇಸ್ತ್ರಿ ಮಾವನಿಗೆ ಹೇಳಿ ಕಳಿಸಬೇಕು. ಬ್ಯಾಂಕು, ವಕೀಲರು, ಕಾಗದಪತ್ರ ಎಲ್ಲ ಆಮೇಲೆ. ಮಾವ ಬಂದು, ಗೋಡೆ ತಟ್ಟಿ, ತಲೆ ಆಡಿಸಿದರೆ ಕೊಂಡ ಹಾಗೆ. ತುಟಿ ಸೊಟ್ಟ ಮಾಡಿದರೆ ಬಿಟ್ಟ ಹಾಗೆ. ಅವರು ತುಟಿ ಸೊಟ್ಟ ಮಾಡಿದ ಮೇಲೂ ಹಟ ಹಿಡಿದು ಕೊಂಡವನು ಒಬ್ಬನೇ ಒಬ್ಬ, ಅವರ ಅಣ್ಣನ ಮಗ. ಮೊದಲ ಮಳೆಗೇ ಅವನ ಅಡುಗೆಮನೆ ಕೆರೆಯಾಯಿತು. ಅವನ ಹೆಂಡತಿ ಪಾತ್ರೆಗಳನ್ನು ಅಟ್ಟಕ್ಕೆ ಏರಿಸುತ್ತ ಗಂಡನಿಗೆ ಹಾಕಿದ ಶಾಪ ನೆಂಟರಿಷ್ಟರಲ್ಲೆಲ್ಲ ಹರಡಿ, ಮಾವನ ಮಾತಿಗೆ ಎದುರಾಡುವುದು ಆವತ್ತಿಗೆ ಮುಗಿಯಿತು.

ಗಾರೆ ಕೆಲಸದಲ್ಲೇ ಕೂದಲು ಬೆಳ್ಳಗಾದ ಮನುಷ್ಯ. ಮೊಣಕಾಲು ಏಣಿ ಹತ್ತಲಾರೆ ಅಂದಾಗ ಕೆಲಸ ಬಿಟ್ಟರು. ಕೆಲಸ ಬಿಟ್ಟ ಮೇಲೆ ಕೈಯಲ್ಲಿ ಉಳಿದದ್ದು ಈ ಸಲಹೆ ಕೊಡುವ ಕೆಲಸವೊಂದೇ, ಅದನ್ನು ಧಾರಾಳವಾಗಿ ಮಾಡುತ್ತಿದ್ದರು. ಕೇಳಿದವರಿಗೂ ಸರಿ, ಕೇಳದವರಿಗೂ ಸರಿ.

"ಮನೆ ನೋಡೋಕೆ ಒಂದು ಸಲ ಮಧ್ಯಾಹ್ನ ಹೋಗಿ, ಇನ್ನೊಂದು ಸಲ ಮಳೆ ಸುರೀವಾಗ ಹೋಗಿ. ಬಿಸಿಲಲ್ಲಿ ಎಲ್ಲಾ ಮನೇನೂ ಒಳ್ಳೇ ಮನೇನೇ" ಅನ್ನುವರು. "ನಲ್ಲಿ ಒಂದೊಂದಾಗಿ ಬಿಟ್ಟು ನೋಡಬೇಡಿ. ಇರೋ ನಲ್ಲಿನೆಲ್ಲ ಒಟ್ಟಿಗೆ ಬಿಡಿ, ಆಗ ಬಂಡವಾಳ ಬಯಲಾಗುತ್ತೆ. ಬೀರು ಇದ್ರೆ ಜರುಗಿಸಿ ಹಿಂದಿನ ಗೋಡೆ ನೋಡಿ. ತೋರಿಸೋ ಗೋಡೇನ ನೀವ್ಯಾಕೆ ನೋಡಬೇಕು, ಅದನ್ನ ಹೊಗಳೋಕೆ ಬ್ರೋಕರ್ ಇದಾನಲ್ಲ! ಮಾರೋರನ್ನ ಏನೂ ಕೇಳಬೇಡಿ, ಪಕ್ಕದ ಮನೆಯವರನ್ನ ಕೇಳಿ. ಅವರನ್ನೂ ಮನೆ ಹೇಗಿದೆ ಅಂತ ಕೇಳಬೇಡಿ. ನೀರು ಹೇಗೆ ಬರುತ್ತೆ ಅಂತ ಕೇಳಿ ಸುಮ್ಮನಿರಿ, ಮಿಕ್ಕಿದ್ದೆಲ್ಲ ಅವರೇ ಕಕ್ಕುತಾರೆ."

ಹೊಸ ಬಣ್ಣದ ವಾಸನೆ ಮೂಗಿಗೆ ಬಡಿದರೆ ಮಾತ್ರ ಮಾವ ಮಾತು ನಿಲ್ಲಿಸಿಬಿಡುತ್ತಿದ್ದರು. ಬೆರಳು ಮಡಚಿ, ಗೋಡೆಯ ಮೂಲೆಯಿಂದ ತಟ್ಟುತ್ತ ಬರುವರು. ಗಾರೆ ಒಳಗಿನ ಇಟ್ಟಿಗೆಯನ್ನು ಕಚ್ಚಿಕೊಂಡಿದ್ದರೆ 'ಟಕ್' ಅನ್ನುತ್ತದೆ. ಕಚ್ಚು ಬಿಟ್ಟು ಬರೀ ಬಣ್ಣದ ಮರ್ಯಾದೆಗೆ ನಿಂತಿದ್ದರೆ 'ಡಬ್' ಅನ್ನುತ್ತದೆ. ಚಾವಣಿಗೆ ಪೊರಕೆಯ ಕೋಲಿನಿಂದ ಇದೇ ಪರೀಕ್ಷೆ. ಈ ಟಕ್ಕು ಡಬ್ಬುಗಳ ಮೇಲೆಯೇ ಆ ಕುಟುಂಬದ ಎಷ್ಟೋ ಮನೆಗಳು ನಿಂತಿದ್ದವು.

ಆದರೆ ಮಾವನ ಕಿವಿ ಹೋಗುತ್ತಿತ್ತು.

ಕಾಂಕ್ರೀಟು ಒಡೆಯುವ ಯಂತ್ರದ ಪಕ್ಕದಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಇನ್ನೇನಾಗುತ್ತದೆ? ಮೊದಲು ಫೋನಿನ ಸದ್ದು ಹೋಯಿತು. ಆಮೇಲೆ ಅಡುಗೆಮನೆಯಿಂದ ಹೆಂಡತಿ ಕೂಗುವುದು ಹೋಯಿತು. ಅದರಿಂದ ಸ್ವಲ್ಪ ನೆಮ್ಮದಿಯೇ ಆಗಿತ್ತು ಅನ್ನಬೇಕು. ಜನರೆಲ್ಲ ಯಾಕೋ ಈಚೆಗೆ ಗೊಣಗಲು ಶುರು ಮಾಡಿದ್ದಾರೆ, ಬಾಯಿ ಬಿಟ್ಟು ಮಾತಾಡುವವರೇ ಇಲ್ಲ ಅಂತ ಬಹಳ ದಿನ ಜನರನ್ನೇ ಬೈದುಕೊಂಡರು. ತಪ್ಪು ಜನರದ್ದಲ್ಲ ಅಂತ ಒಳಗೆ ಗೊತ್ತಾದ ಮೇಲೆ ಬೈಯುವುದನ್ನು ಬಿಟ್ಟು ಬಚ್ಚಿಡುವುದನ್ನು ಶುರು ಮಾಡಿದರು.

ಬಚ್ಚಿಡುವುದರಲ್ಲೂ ಮಾವ ಒಳ್ಳೇ ಕೆಲಸಗಾರರೇ. ಕೂರುವಾಗ ಮಾತಾಡುವವರ ಮುಖಕ್ಕೆ ಬೆಳಕು ಬೀಳುವ ಜಾಗ ನೋಡಿ ಕೂರುವರು. ಎಲ್ಲರಿಗಿಂತ ಹೆಚ್ಚು ತಾವೇ ಮಾತಾಡುವರು, ಕೇಳಿಸಿಕೊಳ್ಳುವ ತಾಪತ್ರಯವೇ ಇರಬಾರದು ಅಂತ. ತುಟಿಯ ಆಟ ನೋಡಿ ಮಾತು ಹಿಡಿಯುವುದು ಯಾರೂ ಕಲಿಸದೆ ತಾನಾಗಿ ಬಂತು. ಆದರೆ 'ಏನು?' ಅಂತ ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ. 'ಏನು?' ಅಂತ ಒಂದು ಸಲ ಕೇಳಿದರೆ ಕಥೆ ಮುಗಿಯಿತು, ಕಿವುಡ ಮೇಸ್ತ್ರಿಯನ್ನು ಗೋಡೆ ತಟ್ಟಲು ಯಾರು ಕರೆಯುತ್ತಾರೆ?

ಇದರಲ್ಲಿ ಅರ್ಧ ಕೆಲಸ ಅವರ ಹೆಂಡತಿಯದು. ಯಾರಾದರೂ ಏನಾದರೂ ಕೇಳಿದರೆ ಆಕೆ ತಾನೇ ಹೊಸದಾಗಿ ಕೇಳುವವಳಂತೆ ಗಂಡನ ಕಡೆ ತಿರುಗಿ, "ಯಾವತ್ತು ಬರ್ತೀರಿ ಅಂತಿದಾರೆ, ಯಾವತ್ತು ಹೋಗೋಣ್ರೀ?" ಅನ್ನುವಳು. ಒಮ್ಮೆ ಮಾತ್ರ, "ಕಿವಿಗೆ ಹಾಕ್ಕೊಳ್ಳೋ ಮೆಷಿನ್ನು ಬರುತ್ತಂತೆ, ಕೆಳಗಿನ ಮನೆ ಅಜ್ಜನೂ ಹಾಕ್ಕೊಂಡಿದಾರೆ" ಅಂದು ನೋಡಿದಳು. ಮಾವ ತಟ್ಟೆ ಬಿಟ್ಟು ಎದ್ದರು. ಆಮೇಲೆ ಆ ಮಾತು ಆ ಮನೆಯಲ್ಲಿ ಏಳಲಿಲ್ಲ.

ನೆಂಟರೂ ಈಚೆಗೆ ಒಳ್ಳೆಯವರಾಗಿದ್ದರು. ಮಾತಾಡಿಸುವ ಮುಂಚೆ ತೋಳು ಮುಟ್ಟುವರು, ಎದುರಿಗೇ ಬಂದು ನಿಲ್ಲುವರು. ವಯಸ್ಸಾದ ಮೇಲೆ ಜನಕ್ಕೆ ನನ್ನ ಮೇಲೆ ಪ್ರೀತಿ ಹೆಚ್ಚಾಗಿದೆ ಅಂತ ಮಾವ ಒಳಗೊಳಗೇ ಹಿಗ್ಗಿದ್ದರು.

ಎಲ್ಲರಿಗಿಂತ ಅವರಿಗೆ ಇಷ್ಟವಾದವನು ತಂಗಿಯ ಮಗಳ ಗಂಡ. ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅವನಿಗೆ ರಾತ್ರಿ ಪಾಳಿ. ಇಡೀ ರಾತ್ರಿ ಯಂತ್ರಗಳ ಗದ್ದಲದಲ್ಲಿ ಇರುವವನಾದ್ದರಿಂದ ಮಾತು ಯಾವಾಗಲೂ ಜೋರು, ಒಂದೊಂದು ಅಕ್ಷರವೂ ಬಿಡಿಬಿಡಿ. "ಗಂಡಸು ಅಂದ್ರೆ ಹೀಗೆ ಮಾತಾಡಬೇಕು" ಅಂತ ಮಾವ ಎಲ್ಲರ ಮುಂದೆ ಅವನ ಬೆನ್ನು ತಟ್ಟುತ್ತಿದ್ದರು. ಅಳಿಯ ನಕ್ಕು ಸುಮ್ಮನಾಗುತ್ತಿದ್ದ.

ತಂಗಿಯ ಮಗಳನ್ನು ಮಾವ ಗುಬ್ಬಿ ಅಂತಲೇ ಕರೆಯುತ್ತಿದ್ದರು. ತಂಗಿ ಬೇಗ ಹೋದಳು. ಗುಬ್ಬಿ ಬೆಳೆದದ್ದು ಮಾವನ ಮನೆಯಲ್ಲಿ, ಶಾಲೆಗೆ ಹೋದದ್ದು ಮಾವನ ಸೈಕಲ್ಲಿನ ಮೇಲೆ. ಈಗ ಪರದೆ ಹೊಲಿಯುವ ಅಂಗಡಿಯಲ್ಲಿ ಕೆಲಸ. ಊರಲ್ಲಿರುವವರ ಮನೆಯ ಕಿಟಕಿಗಳದ್ದೆಲ್ಲ ಅಳತೆ ತೆಗೆದು ತೆಗೆದು, ತನ್ನದೂ ಅಂತ ಒಂದು ಕಿಟಕಿ ಬೇಕು ಅನ್ನುವುದು ಅವಳಿಗೆ ಹುಚ್ಚೇ ಆಗಿಬಿಟ್ಟಿತ್ತು. ಗಂಡ ಹೆಂಡತಿ ಇಬ್ಬರೂ ಬಾಯಿ ಕಟ್ಟಿ ಉಳಿಸಿದರು. ಒಂದು ಹಳೆಯ ಕಟ್ಟಡದ ಮೇಲಿನ ಅಂತಸ್ತು ಮಾರಾಟಕ್ಕೆ ಬಂತು. ಗುಬ್ಬಿ ಫೋನು ಮಾಡಿ ಅತ್ತೆಗೆ ಹೇಳಿದಳು, ಅತ್ತೆ ಮಾವನಿಗೆ ಹೇಳಿದಳು, ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು.

ಮನೆ ತೋರಿಸಲು ಬಂದ ಬ್ರೋಕರ್ ಬೆಣ್ಣೆಯಂಥ ಮನುಷ್ಯ. ಮಾತು ಮೆತ್ತಗೆ, ನಡೆ ಮೆತ್ತಗೆ. ಸಾಲದ್ದಕ್ಕೆ ತುಟಿ ಪೂರಾ ಮುಚ್ಚುವ ಪೊದೆ ಮೀಸೆ. ಮಾವನಿಗೆ ಅವನ ಒಂದು ಮಾತೂ ದಕ್ಕಲಿಲ್ಲ. ಆದರೇನು, ಬ್ರೋಕರ್ ಹೇಳುವುದನ್ನು ಕೇಳಲೇಬಾರದು ಅನ್ನುವುದು ಅವರದೇ ಉಪದೇಶ. ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಡಿಸಿದರು. ಬಚ್ಚಲಿನ ನೆಲದ ಮೇಲೆ ಗೋಲಿ ಉರುಳಿಸಿ, ನೀರು ಬಾಗಿಲ ಕಡೆಗೆ ಹರಿಯುತ್ತದೆ ಅಂತ ತೋರಿಸಿದರು. ಬೀರು ಜರುಗಿಸಿ ಹಿಂದಿನ ಗೋಡೆಗೆ ಅಂಗೈ ಒತ್ತಿ, ತೇವ ಇಲ್ಲ ಅಂದರು. ಕೆಳಗಿನ ಮನೆಯ ಹೆಂಗಸಿನ ಹತ್ತಿರ ಹೆಂಡತಿಯನ್ನು ಕಳಿಸಿ ನೀರಿನ ವಿಚಾರ ಕೇಳಿಸಿದರು. ಗುಬ್ಬಿ ಮಾವನ ಹಿಂದೆ ಹಿಂದೆ ಸುತ್ತುತ್ತ, "ನೋಡಿದ್ರಾ, ನಮ್ಮ ಮಾವನ ಕಣ್ಣಿಗೆ ಏನೂ ತಪ್ಪಲ್ಲ" ಅಂತ ಬ್ರೋಕರನಿಗೆ ಹೇಳಿದಳು. ಅವಳ ತುಟಿಯನ್ನು ಓದಿ ಮಾವನ ಎದೆ ಉಬ್ಬಿತು.

ಕೊನೆಗೆ ಒಳಗಿನ ಕೋಣೆ. ಕಿಟಕಿ ಒಂದು ಕಡೆ, ಅದರ ಎದುರು ಮೂಲೆಯಲ್ಲಿ ಕತ್ತಲು. "ಇವರು ಹಗಲು ನಿದ್ದೆ ಮಾಡೋಕೆ ಹೇಳಿ ಮಾಡಿಸಿದ ಹಾಗಿದೆ" ಅಂದಳು ಗುಬ್ಬಿ. ಮನೆಯ ಬೇರೆಲ್ಲ ಗೋಡೆಗಳ ಬಣ್ಣ ಹಳೆಯದು, ಈ ಕೋಣೆಯ ಚಾವಣಿಯದು ಮಾತ್ರ ಹೊಚ್ಚ ಹೊಸದು. ಮಾವ ತಲೆಯೆತ್ತಿ ನಿಂತರು. ಪೊರಕೆ ತರಿಸಿ, ತಿರುಗಿಸಿ ಹಿಡಿದು, ಕೋಲಿನ ತುದಿಯಿಂದ ಚಾವಣಿಯನ್ನು ಮೂಲೆಯಿಂದ ತಟ್ಟುತ್ತ ಬಂದರು.

ಏನೂ ಕೇಳಿಸಲಿಲ್ಲ.

ಮತ್ತೆ ತಟ್ಟಿದರು. ಇನ್ನಷ್ಟು ಜೋರಾಗಿ ತಟ್ಟಿದರು. ಕತ್ತಲ ಮೂಲೆಯ ಮೇಲೆ ತಟ್ಟಿದಾಗ ಕೋಲು ಕೈಯಲ್ಲಿ ಸಣ್ಣಗೆ ನಡುಗಿದ ಹಾಗಾಯಿತು. ಅಥವಾ ನಡುಗಿದ್ದು ಕೈಯೋ? ಗೊತ್ತಾಗಲಿಲ್ಲ. ಹಿಂತಿರುಗಿ ನೋಡಿದರೆ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಹೆಂಡತಿ ಬಾಯಿ ಅರ್ಧ ತೆರೆದು ಮುಚ್ಚಿದಳು. ಬ್ರೋಕರ್ ಕಿಟಕಿಯ ಕಡೆ ತಿರುಗಿದ್ದ.

ಅಳಿಯ ಮುಂದೆ ಬಂದು, ತನ್ನ ಎಂದಿನ ದನಿಯಲ್ಲಿ, "ಮಾವಾ, ಒಂದ್ಸಲ ಯಾರಾದರೂ ಇಂಜಿನಿಯರ್‌ಗೂ ತೋರಿಸೋಣ್ವಾ? ನಿಮಗೂ ತೊಂದರೆ ತಪ್ಪುತ್ತೆ" ಅಂದ.

ಗುಬ್ಬಿ ಗಂಡನನ್ನು ಸುಟ್ಟುಬಿಡುವ ಹಾಗೆ ನೋಡಿದಳು. "ಇಂಜಿನಿಯರ್ ಯಾಕೆ? ಮಾವ ಇದಾರಲ್ಲ."

'ನನಗೆ ಕೇಳಿಸುತ್ತಿಲ್ಲ ಕಣಮ್ಮ' ಅನ್ನಲು ಇದೇ ಸಮಯ. ಬಾಯಿ ಬಿಟ್ಟರೆ ಸಾಕು, ಒಂದು ಮಾತು. ಬೇರೆಯವರ ಮುಂದೆಯಾಗಿದ್ದರೆ ಹೇಗೋ ಏನೋ, ಗುಬ್ಬಿಯ ಮುಂದೆ, ಅದೂ ಬ್ರೋಕರನ ಎದುರಿಗೆ, ಕಿವುಡ ಅನ್ನಿಸಿಕೊಳ್ಳಲು ಆಗಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, "ಗಟ್ಟಿ ಇದೆ" ಅಂದರು. "ತಗೊಳ್ಳಿ."

ಬಸ್ಸಿನಲ್ಲಿ ಹೆಂಡತಿ ಅವರ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, "ಆ ಮೂಲೇಲಿ ಸದ್ದು ಬೇರೆ ಥರ ಇತ್ತಲ್ಲ" ಅಂದಳು.

"ಗಾರೆ ಕೆಲಸ ಮಾಡಿದ್ದು ನಾನೋ ನೀನೋ?"

ಆಕೆ ಕಿಟಕಿಯ ಕಡೆ ತಿರುಗಿದಳು. ಗಂಡನ ಮರ್ಯಾದೆ ಕಾಪಾಡಿ ಕಾಪಾಡಿ ಆಕೆಗೂ ಅದು ಚಟವಾಗಿ ಹೋಗಿತ್ತು. ಅದನ್ನು ಮರ್ಯಾದೆ ಅನ್ನಿ, ಹೇಡಿತನ ಅನ್ನಿ, ಒಂದೇ ಹಂಡೆಯ ನೀರು.

ಗುಬ್ಬಿ ಆ ಮನೆಗೆ ಸೇರಿದಳು. ಊರವರಿಗೆಲ್ಲ ಹೊಲಿದ ಮೇಲೆ ಉಳಿದ ತುಂಡು ಬಟ್ಟೆಗಳನ್ನು ಜೋಡಿಸಿ ತನ್ನ ಕಿಟಕಿಗಳಿಗೆ ಪರದೆ ಹೊಲಿದಳು. ಅದಕ್ಕೆ ಸರಳು ಹಾಕಿಕೊಡಲು ಮಾವನೇ ಬಂದರು. ಮೊಣಕಾಲು ಬೇಡ ಅಂದರೂ ಸ್ಟೂಲು ಹತ್ತಿದರು. ಅಳಿಯ ಪಾಳಿ ಮುಗಿಸಿ ಬಂದು ಒಳಗಿನ ಕೋಣೆಯ ಕತ್ತಲ ಮೂಲೆಯಲ್ಲಿ ಮಂಚದ ಮೇಲೆ ಮಲಗಿದ್ದವನು ಎದ್ದು, ಮುಖ ತೊಳೆಯಲು ಹೋದ. ಅವನು ಬರುವುದರೊಳಗೆ ಒಂದು ಕೈ ನೋಡಿಬಿಡೋಣ ಅನ್ನಿಸಿತು ಮಾವನಿಗೆ. ಯಾಕೆ ಅನ್ನಿಸಿತು ಅಂತ ಕೇಳಿದರೆ, ಮನೆ ನೋಡಿ ಬಂದ ದಿನದಿಂದ ಒಂದು ದಿನವೂ ಅದು ಅವರ ತಲೆಯಿಂದ ಇಳಿದಿರಲಿಲ್ಲ. ಸ್ಟೂಲನ್ನು ಮಂಚದ ಪಕ್ಕಕ್ಕೆ ಎಳೆದು, ಮೇಲೆ ನಿಂತು, ಎಡ ಅಂಗೈಯನ್ನು ಚಾವಣಿಗೆ ಒತ್ತಿ ಹಿಡಿದು, ಬಲಗೈ ಬೆರಳಿಂದ ಪಕ್ಕದಲ್ಲೇ ತಟ್ಟಿದರು.

ಕಿವಿ ಹೇಳದಿದ್ದುದನ್ನು ಅಂಗೈ ಹೇಳಿತು. ಚಾವಣಿ ತಮಟೆಯ ಚರ್ಮದ ಹಾಗೆ ಅದುರಿತು.

ಕೈ ಜರುಗಿಸಿ ಜರುಗಿಸಿ ತಟ್ಟಿದರು. ಮಂಚದಷ್ಟು ಅಗಲ, ಮಂಚದಷ್ಟು ಉದ್ದ ಟೊಳ್ಳು. ಹಳೆಯ ಗಾರೆಯ ಮೇಲೆ ಹೊಸ ಗಾರೆ ಮೆತ್ತಿ, ಅದರ ಮೇಲೆ ಮತ್ತೆ ಮೆತ್ತಿ, ಬಣ್ಣ ಬಳಿದು ಮುಚ್ಚಿದ್ದಾರೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಎಲ್ಲವನ್ನೂ ಕೆಳಗೆ ನೂಕುತ್ತಿದೆ. ಇಷ್ಟು ದಪ್ಪದ್ದು ಬಿದ್ದರೆ ಏನಾಗುತ್ತದೆ ಅನ್ನುವುದನ್ನು ಮಾವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸ್ಟೂಲಿನಿಂದ ಇಳಿಯುವಾಗ ಗೋಡೆ ಹಿಡಿದುಕೊಂಡರು.

ಗುಬ್ಬಿ ಅಡುಗೆಮನೆಯಿಂದ ಬಂದು, ತೋಳು ಮುಟ್ಟಿ, "ಆಯ್ತಾ ಮಾವ? ಏನ್ ನೋಡ್ತಿದೀರಿ?" ಅಂದಳು.

ಆಗಲೂ ಹೇಳಬಹುದಿತ್ತು. ಮನುಷ್ಯನಿಗೆ ಹೇಳಲು ಇಷ್ಟೊಂದು ಸಲ ಬಾಗಿಲು ತೆರೆಯುವುದೇ ಅಪರೂಪ. ಆದರೆ ಈಗ ಹೇಳಿದರೆ ಅಂದು ಯಾಕೆ ಗಟ್ಟಿ ಅಂದಿರಿ ಅನ್ನುವ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಒಂದೇ. ಮಾವ ಆ ಉತ್ತರವನ್ನು ಬಿಟ್ಟು ಬೇರೆಲ್ಲ ಮಾಡಲು ತಯಾರಿದ್ದರು.

"ಮಂಚ ಈ ಮೂಲೇಲಿ ಬೇಡಮ್ಮ. ಕಿಟಕಿ ಕಡೆ ಹಾಕ್ಕೊಳ್ಳಿ, ಗಾಳಿ ಬರುತ್ತೆ" ಅಂದರು.

"ಅಲ್ಲಿ ಬಿಸಿಲು ಮುಖಕ್ಕೇ ಹೊಡೆಯುತ್ತೆ ಮಾವ. ಇವರಿಗೆ ಹಗಲು ನಿದ್ದೆ ಅಲ್ವಾ."

"ಪರದೆ ಹಾಕಿಲ್ವಾ? ನಾನು ಹೇಳಿದ ಹಾಗೆ ಕೇಳು."

ಮಾವನ ಮಾತು, ಕೇಳಿದರು. ಮಾವನೂ ಅಳಿಯನೂ ಸೇರಿ ಮಂಚವನ್ನು ಕಿಟಕಿಯ ಕೆಳಕ್ಕೆ ಎಳೆದರು. ಖಾಲಿಯಾದ ಮೂಲೆಯಲ್ಲಿ ಮಾವ ಬಟ್ಟೆಯ ಪೆಟ್ಟಿಗೆಗಳನ್ನು ಜೋಡಿಸಿಟ್ಟರು. ಆಮೇಲೆ ಕಾಫಿ ಕುಡಿಯುತ್ತ ತಮ್ಮ ಉಪಾಯವನ್ನು ಮೆಲ್ಲಗೆ ಬಿಟ್ಟರು: ಅಳಿಯನ ತಾಯಿಯನ್ನು ನೋಡಿಕೊಂಡು ಬರಲು ಇಬ್ಬರೂ ನಾಲ್ಕು ದಿನ ಹೋಗಿಬರಲಿ, ಬೀಗದ ಕೈ ತಮಗೆ ಕೊಡಲಿ, ಒಳಗಿನ ಕೋಣೆಗೆ ಒಂದು ಒಳ್ಳೇ ಬಣ್ಣ ಹೊಡೆದಿಡುತ್ತೇನೆ. ಅಷ್ಟರಲ್ಲಿ ಹಳೆಯ ಸ್ನೇಹಿತನೊಬ್ಬನನ್ನು ಕರೆದುಕೊಂಡು ಬಂದು ಟೊಳ್ಳನ್ನೆಲ್ಲ ಕೆರೆದು ಹಾಕಿ, ಹೊಸದಾಗಿ ಗಾರೆ ಮಾಡಿ, ಯಾರಿಗೂ ಗೊತ್ತಾಗದ ಹಾಗೆ ಮುಗಿಸುವುದು ಅಂತ ಅವರ ಲೆಕ್ಕ.

"ಬಣ್ಣ ಹೊಸದೇ ಇದೆಯಲ್ಲ ಮಾವ" ಅಂದ ಅಳಿಯ, ಅದೇ ಬಿಡಿಬಿಡಿ ದನಿಯಲ್ಲಿ.

"ಆ ಬಣ್ಣ ನನಗೆ ಹಿಡಿಸಲಿಲ್ಲ."

ಪ್ರೆಸ್ಸಿನಲ್ಲಿ ರಜೆ ಸಿಗಲಿಲ್ಲ. ಇನ್ನೊಬ್ಬ ಕೆಲಸದವನು ಕಾಯಿಲೆ ಬಿದ್ದಿದ್ದ, ಅವನ ಪಾಳಿಯೂ ಇವನ ತಲೆಗೇ ಬಂತು. ಮಾವ ದಿನ ಬಿಟ್ಟು ದಿನ ಹೆಂಡತಿಯ ಕೈಯಲ್ಲಿ ಫೋನು ಮಾಡಿಸಿ, "ರಜಾ ಸಿಕ್ತಾ ಕೇಳು" ಅನ್ನುವರು. ಮುಂದಿನ ವಾರ ಅಂತ ಉತ್ತರ ಬರುವುದು. ಮಂಚ ಕಿಟಕಿಯ ಕೆಳಗಿದೆಯಲ್ಲ ಅಂತ ಮಾವ ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವರು. ತಟ್ಟೆಯನ್ನು ಅರ್ಧಕ್ಕೇ ಸರಿಸಿ ಏಳುವರು, ಆದರೂ ಮಂಚ ಕಿಟಕಿಯ ಕೆಳಗಿದೆಯಲ್ಲ.

ಮಂಚ ಅಲ್ಲಿ ಇರಲಿಲ್ಲ. ರಾತ್ರಿಯೆಲ್ಲ ನಿಂತು ಬಂದವನಿಗೆ ಬಿಸಿಲು ಕಣ್ಣಿಗೆ ಚುಚ್ಚಿದರೆ ಎಷ್ಟು ದಿನ ತಡೆದಾನು? ಪರದೆಯ ಬಟ್ಟೆ ತೆಳು, ತುಂಡು ಜೋಡಿಸಿದ್ದು. ಅವನು ನಿದ್ದೆಗೆಟ್ಟು ಪ್ರೆಸ್ಸಿನಲ್ಲಿ ಒಮ್ಮೆ ಯಂತ್ರಕ್ಕೆ ಕೈ ಕೊಡುವ ಹಾಗೆ ಆದದ್ದೇ, ಗುಬ್ಬಿ ತಾನೇ ನಿಂತು ಪೆಟ್ಟಿಗೆಗಳನ್ನು ಎತ್ತಿ ಮಂಚವನ್ನು ಮತ್ತೆ ಕತ್ತಲ ಮೂಲೆಗೆ ಎಳೆಸಿದಳು. ಮಾವ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಅವರಿಗೆ ಹೇಳಲಿಲ್ಲ. ಗಾಳಿಗಾಗಿ ತಾನೇ ಅವರು ಹೇಳಿದ್ದು? ಒಂದು ಫ್ಯಾನು ತಂದಿಟ್ಟರಾಯಿತು. ಮಾವ ನಿಜವಾದ ಕಾರಣ ಹೇಳಿದ್ದರೆ ಆ ಮಂಚ ಮೂಲೆಗೆ ಹೋಗುತ್ತಿರಲಿಲ್ಲ. ಇದನ್ನು ಹೇಗೆ ಮಗುಚಿ ಹಾಕಿ ನೋಡಿದರೂ ಅಷ್ಟೇ.

ಒಂದು ಮಧ್ಯಾಹ್ನ ಮಾವ ಕುರ್ಚಿಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಾಗ ಹೆಂಡತಿ ಫೋನು ಹಿಡಿದುಕೊಂಡು ಎದುರಿಗೆ ಬಂದು ನಿಂತಳು. ಅವಳ ತುಟಿ ಅಲುಗುತ್ತಿತ್ತು, ಮಾತಿನ ಆಕಾರ ಬರುತ್ತಿರಲಿಲ್ಲ. ಆದರೂ ಮಾವನಿಗೆ ಪೂರ್ತಿ ಅರ್ಥವಾಯಿತು. ಚಪ್ಪಲಿ ಸಹ ಮೆಟ್ಟದೆ ಎದ್ದರು.

ಆಸ್ಪತ್ರೆಯಲ್ಲಿ ಗುಬ್ಬಿ ಅಂಗಡಿಯ ಅಳತೆ ಪಟ್ಟಿಯನ್ನು ಕೊರಳಲ್ಲಿ ಹಾಗೇ ಹಾಕಿಕೊಂಡು ಕೂತಿದ್ದಳು. ಕೆಳಗಿನ ಮನೆಯ ಹೆಂಗಸು ಸದ್ದು ಕೇಳಿ ಓಡಿಬಂದು, ಬಾಗಿಲು ಒಡೆಸಿ, ನಾಲ್ಕು ಜನ ಸೇರಿ ಗಾರೆಯ ಚಪ್ಪಡಿಗಳನ್ನು ಎತ್ತಿ ಅಳಿಯನನ್ನು ಹೊರಗೆ ತಂದಿದ್ದರು. ಅಳಿಯ ಬೋರಲು ಮಲಗುವ ಅಭ್ಯಾಸದವನು, ಎಲ್ಲ ಬೆನ್ನಿನ ಮೇಲೇ ಬಿದ್ದಿತ್ತು. ಡಾಕ್ಟರು ಹೊರಗೆ ಬಂದು ಗುಬ್ಬಿಯ ಹತ್ತಿರ ಮಾತಾಡಿದರು. ಬಾಯಿಗೆ ಮುಸುಕು ಕಟ್ಟಿದ್ದರಿಂದ ಅವರು ಹೇಳಿದ್ದೇನು ಅಂತ ಮಾವನಿಗೆ ತಿಳಿಯಲಿಲ್ಲ. ಗುಬ್ಬಿಯ ಮುಖವನ್ನೇ ನೋಡುತ್ತ ನಿಂತರು. ಅದು ಬಿಳಿಚಿಕೊಂಡದ್ದು ನೋಡಿ, ಅವನು ಹೋದ ಅಂದುಕೊಂಡರು. ಹೋಗಿರಲಿಲ್ಲ. ಸೊಂಟದಿಂದ ಕೆಳಗೆ ಮಾತ್ರ ಹೋಗಿತ್ತು.

ಮಾವನನ್ನು ಯಾರೂ ಏನೂ ಅನ್ನಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದರೇನೋ. ನೆಂಟರು ಒಬ್ಬೊಬ್ಬರೇ ಬಂದು, ಎದುರಿಗೆ ನಿಂತು, ತೋಳು ಮುಟ್ಟಿ, "ಹಳೇ ಕಟ್ಟಡ, ಒಳಗಿರೋದು ಯಾರಿಗೆ ಗೊತ್ತಾಗುತ್ತೆ ಮಾವ" ಅಂತ ಅವರನ್ನೇ ಸಮಾಧಾನ ಮಾಡಿ ಹೋದರು. ಚಾವಣಿಯನ್ನು ಬೇರೆ ಯಾರೋ ಮೇಸ್ತ್ರಿ ಬಂದು ಕೆರೆದು ಹೊಸದಾಗಿ ಮಾಡಿಹೋದ. ಅವನನ್ನು ಗೊತ್ತು ಮಾಡಿದ್ದು ಯಾರು ಅಂತ ಮಾವನಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಇಷ್ಟೆಲ್ಲ ಆದ ಮೇಲೆ, ಆ ಅಣ್ಣನ ಮಗ, ಕೆರೆಯ ಅಡುಗೆಮನೆಯವನು, ಒಂದು ದಿನ ಮನೆಗೇ ಬಂದು, "ಚಿಕ್ಕಪ್ಪ, ಒಂದು ಮನೆ ನೋಡಿದೀನಿ, ನೀವು ಬಂದು ಒಂದ್ಸಲ ತಟ್ಟಿ ನೋಡಬೇಕು" ಅಂದ. ಅವನ ಕಣ್ಣಲ್ಲಿ ತುಂಬಿದ್ದ ಕನಿಕರವನ್ನು ನೋಡಿ ಮಾವನಿಗೆ ಮೈಯೆಲ್ಲ ಉರಿಯಿತು. ಮೈ ಸರಿಯಿಲ್ಲ ಅಂತ ಹೇಳಿ ಕಳಿಸಿದರು. ಅವನು ಆ ಕಡೆ ಹೋದದ್ದೇ ತಾವು ಈ ಕಡೆ ಗುಬ್ಬಿಯ ಮನೆಗೆ ಹೊರಟರು. ಇವತ್ತು ಹೇಳಿಬಿಡಬೇಕು, ಹೇಳದಿದ್ದರೆ ಎದೆ ಒಡೆದುಹೋಗುತ್ತದೆ ಅನ್ನಿಸಿಬಿಟ್ಟಿತ್ತು.

ಗುಬ್ಬಿ ಅಂಗಡಿಯ ಕೆಲಸ ಬಿಟ್ಟು ಈಗ ಮನೆಯಲ್ಲೇ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರವನ್ನು ಒಳಗಿನ ಕೋಣೆಗೆ ಹಾಕಿಕೊಂಡಿದ್ದಳು, ಗಂಡನಿಗೆ ಮಗ್ಗುಲು ತಿರುಗಿಸಲು ಹತ್ತಿರವಿರಲಿ ಅಂತ. ಮಂಚ ಈಗ ಕಿಟಕಿಯ ಕೆಳಗಿತ್ತು. ಬೆಳಕು ಮುಖದ ಮೇಲೆ ಬಿದ್ದರೂ ಅಳಿಯ ಕಣ್ಣು ಮುಚ್ಚಿರಲಿಲ್ಲ. ಮಾವ ದಿನಾ ಬಂದು ಔಷಧಿ, ಹಣ್ಣು ತಂದಿಟ್ಟು ಹೋಗುವರು. ದಿನಾ ಅವನು ಹೀಗೇ ಮಲಗಿರುವನು.

ಮಾವ ಗುಬ್ಬಿಯ ಎದುರಿಗೆ ಸ್ಟೂಲು ಎಳೆದು ಕೂತರು. ಅವಳು ತುಳಿಯುವುದನ್ನು ನಿಲ್ಲಿಸಿದಳು.

"ಒಂದು ಮಾತು ಹೇಳಬೇಕಮ್ಮ. ಆವತ್ತು ಮನೆ ನೋಡೋಕೆ ಬಂದಾಗ ನನಗೆ ಏನೂ ಕೇಳಿಸಿರಲಿಲ್ಲ. ನನಗೆ ಕಿವಿ ಹೋಗಿ ಬಹಳ ದಿನ ಆಯ್ತು. ನಿಮಗೆಲ್ಲ ಗೊತ್ತಾಗದ ಹಾಗೆ ನೋಡ್ಕೊಂಡಿದ್ದೆ. ಆಮೇಲೆ ಸರಳು ಹಾಕೋ ದಿನ ಕೈಗೆ ಗೊತ್ತಾಯ್ತು, ಆಗಲೂ ಹೇಳಲಿಲ್ಲ. ಮಂಚ ಎಳೆಸಿದ್ದು ಅದಕ್ಕೇ."

ಅಳುತ್ತಾಳೆ, ಇಲ್ಲ ಎದ್ದು ಬಂದು ಕೊರಳಪಟ್ಟಿ ಹಿಡಿಯುತ್ತಾಳೆ ಅಂದುಕೊಂಡಿದ್ದರು. ಗುಬ್ಬಿ ಹಾಗೇ ಕೂತಿದ್ದಳು. ಕೈ ಬಟ್ಟೆಯ ಮೇಲೇ ಇತ್ತು.

"ಕಿವಿ ವಿಷಯ ನನಗೆ ಗೊತ್ತಿತ್ತು ಮಾವ" ಅಂದಳು. "ಎಲ್ಲರಿಗೂ ಗೊತ್ತಿತ್ತು."

ಮಾವ ಅವಳ ತುಟಿಯನ್ನು ತಪ್ಪಾಗಿ ಓದಿದೆನೇನೋ ಅಂದುಕೊಂಡರು. ಅವಳು ಇನ್ನೂ ನಿಧಾನವಾಗಿ, ಇನ್ನೂ ಬಿಡಿಸಿ ಹೇಳಿದಳು.

"ನಾವೆಲ್ಲ ತೋಳು ಮುಟ್ಟಿ ಮಾತಾಡಿಸ್ತಿದ್ದಿದ್ದು ಯಾಕೆ ಅಂದ್ಕೊಂಡ್ರಿ? ಇವರು ಅಷ್ಟು ಜೋರಾಗಿ ಮಾತಾಡ್ತಿದ್ದಿದ್ದು ಪ್ರೆಸ್ಸಿನ ಅಭ್ಯಾಸ ಅಂದ್ಕೊಂಡ್ರಾ? ಇವರು ನನ್ನ ಹತ್ರ ಯಾವತ್ತೂ ದನಿ ಎತ್ತಿ ಮಾತಾಡಿದೋರಲ್ಲ. ನಿಮ್ಮ ಮುಂದೆ ಮಾತ್ರ. ಮನೆ ನೋಡೋಕೆ ಬರೋ ಹಿಂದಿನ ದಿನಾನೇ ಹೇಳಿದ್ರು, ಮಾವನಿಗೆ ಕೇಳಿಸಲ್ಲ ಕಣೇ, ಬೇರೆ ಯಾರನ್ನಾದ್ರೂ ಕರೆಯೋಣ ಅಂತ. ಮಾವನಿಗೆ ಹಾಗೆ ಅವಮಾನ ಮಾಡಿದ್ರೆ ನಾನು ಆ ಮನೇಗೆ ಕಾಲಿಡಲ್ಲ ಅಂದೆ. ನೀವು ತಟ್ಟಿದಾಗ ಆ ಮೂಲೇಲಿ ಡಬ್ ಅಂದಿದ್ದು ನನಗೂ ಕೇಳಿಸ್ತು. ನೀವು ಗಟ್ಟಿ ಅಂದ್ರಿ. ಗಟ್ಟಿ ಇದ್ರೂ ಹಾಗೇ ಅನ್ನುತ್ತೇನೋ ಅಂದ್ಕೊಂಡೆ. ಅಂದ್ಕೋಬೇಕು ಅಂತಲೇ ಅಂದ್ಕೊಂಡೆ."

ಮಾವನಿಗೆ ಈಗ ಅರ್ಥವಾಯಿತು. ತಾವು ಅಷ್ಟು ಜೋಪಾನವಾಗಿ ಬಚ್ಚಿಟ್ಟಿದ್ದನ್ನು ಇವರೆಲ್ಲ ಸೇರಿ ತಮ್ಮಿಂದಲೇ ಬಚ್ಚಿಟ್ಟಿದ್ದರು. ಒಬ್ಬನಾದರೂ ಮುಖಕ್ಕೆ ಹೊಡೆದ ಹಾಗೆ, 'ನೀವು ಕಿವುಡರು ಕಣ್ರೀ, ಸುಮ್ಮನೆ ಕೂತ್ಕೊಳ್ಳಿ' ಅಂದಿದ್ದರೆ! ಹಾಗೆ ಅನ್ನುವಷ್ಟು ಧೈರ್ಯ ಇದ್ದವನೊಬ್ಬನೇ, ಅವನು ಮಂಚದ ಮೇಲಿದ್ದ.

ಮಾವ ಅವನ ಕಡೆ ನೋಡಿದರು. ಅವನು ತಲೆ ತಿರುಗಿಸಲಿಲ್ಲ, ದನಿ ಎತ್ತಲಿಲ್ಲ. ಮೇಲೆ ನೋಡುತ್ತಲೇ ಹೆಂಡತಿಗೆ ಹೇಳಿದ. ಕಿಟಕಿಯ ಬೆಳಕು ಅವನ ಮುಖದ ಮೇಲೆ ಬಿದ್ದಿತ್ತು. ಮಾತು ಪಿಸುಗುಟ್ಟುವಷ್ಟು ಮೆಲ್ಲಗಿದ್ದರೂ ಇರಬಹುದು, ಮಾವನಿಗೆ ಅದು ಲೆಕ್ಕವಿಲ್ಲ. ಒಂದೊಂದು ಅಕ್ಷರವೂ ಕಂಡಿತು.

"ಇವರನ್ನ ಇನ್ಮೇಲೆ ಬರಬೇಡಿ ಅನ್ನು. ನನ್ನ ಕೈಲಿ ಇವರ ಮುಖ ನೋಡಕ್ಕಾಗ್ತಿಲ್ಲ."

ಮಾವ ಗುಬ್ಬಿಯ ಕಡೆ ತಿರುಗಿದರು. ಇಷ್ಟು ವರ್ಷ ಯಾರನ್ನೂ ಕೇಳದಿದ್ದ ಮಾತನ್ನು ಕೇಳಿದರು.

"ಏನಂದ?"

ಗುಬ್ಬಿ ಎದ್ದು ಬಂದಳು. ಎದುರಿಗೆ ನಿಂತು, ತೋಳು ಮುಟ್ಟಿ, ಮುಖದಲ್ಲಿ ನಗುವಿನಂಥದೇನೋ ತಂದುಕೊಂಡು, ಜೋರಾಗಿ, ಬಿಡಿಬಿಡಿಯಾಗಿ ಹೇಳಿದಳು.

"ಟೀ ಕುಡ್ಕೊಂಡು ಹೋಗಿ ಅಂದ್ರು, ಮಾವ."

ಮಂಚದ ಮೇಲಿನವನು ಕಣ್ಣು ಮುಚ್ಚಿಕೊಂಡ. ಮಾವ ಏಳಬೇಕು ಅಂದುಕೊಂಡರು, ಕಾಲೂ ಅಲುಗಿತು. ಆದರೆ ಈಗ ಎದ್ದು ಹೋದರೆ ಅವನಂದದ್ದು ತಮಗೆ ತಿಳಿಯಿತು ಅಂತ ಗುಬ್ಬಿಗೆ ಗೊತ್ತಾಗುತ್ತದೆ. ಅವಳಿಗೆ ಬೇಕಾದಷ್ಟು ಆಗಿದೆ, ಇದೊಂದು ಬೇರೆ ಯಾಕೆ?

"ಆಯ್ತಮ್ಮ, ಮಾಡು" ಅಂದರು.

ಅವಳು ಟೀ ಮಾಡಿ ತಂದಳು. ಮಾವ ಆ ಕೋಣೆಯಲ್ಲೇ, ಆ ಸ್ಟೂಲಿನ ಮೇಲೇ ಕೂತು, ಚೆನ್ನಾಗಿದೆ ಅಂತ ಎರಡು ಸಲ ಹೇಳಿ, ಪೂರ್ತಿ ಕುಡಿದರು.